ಗೇಟಿನಿಂದ ಅಂಗಳದ ತನಕ: ನಮ್ಮ ಮನೆಯ ದಾರಿಗೆ ಇಂಟರ್‌ಲಾಕ್ ಬೇಡ ಅಂದದ್ದು ಯಾಕೆ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು ಕಡೆ ಈಗ ಹೊಸ ಮನೆ ಕಟ್ಟಿದವರು ಮನೆ ಒಕ್ಕಲಿನ (ಗೃಹಪ್ರವೇಶದ) ಮೊದಲು ಮಾಡಿಸುವ ಕೊನೆಯ ಕೆಲಸ ಇಂಟರ್‌ಲಾಕ್, ಅಂದರೆ ಕಾಂಕ್ರೀಟ್ ಬ್ಲಾಕ್ ಜೋಡಿಸಿ ನೆಲ ಮುಚ್ಚುವುದು. ಗೇಟಿನಿಂದ ಸಿಟ್‌ಔಟ್ ತನಕ ಒಂದಿಂಚು ಮಣ್ಣು ಕಾಣಬಾರದು. ನಮ್ಮ ಮನೆಗೆ ಬಂದವರು ಹಾಗಾಗಿ ದಾರಿ ನೋಡಿ ಒಮ್ಮೆ ನಿಲ್ಲುತ್ತಾರೆ. "ಟೀಚರೇ, ದಾರಿ ಕೆಲಸ ಇನ್ನೂ ಬಾಕಿ ಉಂಟಾ?" ಅಂತ ಕೇಳುತ್ತಾರೆ. ಬಾಕಿ ಇಲ್ಲ, ಮುಗಿದಿದೆ. ಎರಡು ಚಕ್ರಕ್ಕೆ ಎರಡು ಪಟ್ಟಿ, ನಡುವೆ ಹುಲ್ಲು, ಒಂದು ಕಡೆ ಜಲ್ಲಿ, ತಿರುವಿನ ಹತ್ತಿರ ಹಳೆಯ ಕೆಂಪುಕಲ್ಲು. ಬೇಕೆಂದೇ ಹಾಗೆ ಮಾಡಿಸಿದ್ದು. ಯಾಕೆಂದು ಒಬ್ಬೊಬ್ಬರಿಗೆ ಬಾಯಲ್ಲಿ ಹೇಳಿದರೆ ಅರ್ಧವೇ ಆಗುತ್ತದೆ. ಅದಕ್ಕೆ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮ ಜಾಗ ಗುಡ್ಡೆಯ ಇಳಿಜಾರು. ಪಂಚಾಯತ್ ರಸ್ತೆ ಮೇಲೆ, ಮನೆ ನಡುವೆ, ಅಡಿಕೆ ತೋಟ ಮತ್ತು ಬಾವಿ ಕೆಳಗೆ. ಗೇಟಿನಿಂದ ಅಂಗಳಕ್ಕೆ 130 ಅಡಿ ಉದ್ದ, 10 ಅಡಿ ಅಗಲದ ದಾರಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಯಾವ ಟೈಲ್ಸ್, ಯಾವ ಬಣ್ಣ ಅನ್ನುವ ಮೊದಲು ಒಂದು ಲೆಕ್ಕ ಮಾಡೋಣ ಅಂತ ಕೂತೆ.

1,300 ಚದರ ಅಡಿ ಅಂದರೆ ಸುಮಾರು 120 ಚದರ ಮೀಟರ್. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಬರೀ ದಾರಿಯ ಮೇಲೆ ಬೀಳುವ ನೀರೇ ವರ್ಷಕ್ಕೆ 4,20,000 ಲೀಟರ್ ಆಯಿತು. ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಒಂದೇ ದಿನ 100 ಮಿ.ಮೀ. ಹೊಡೆಯುವುದು ನಮಗೆ ಹೊಸತಲ್ಲ. ಆ ಒಂದು ದಿನಕ್ಕೆ 12,000 ಲೀಟರ್, ಒಂದು ದೊಡ್ಡ ಟ್ಯಾಂಕರ್ ಲಾರಿಯಷ್ಟು. ದಾರಿಗೆ ಗಟ್ಟಿ ಹೊದಿಕೆ ಹಾಕಿದರೆ ಅದರಲ್ಲಿ ಹೆಚ್ಚಿನದೆಲ್ಲ ಓಡಿಕೊಂಡು ನೇರ ಅಂಗಳಕ್ಕೆ ಬರುತ್ತದೆ. ಅಲ್ಲಿಂದ ತೋಟಕ್ಕೆ, ತೋಟದ ಕಣಿಗೆ (ಸಣ್ಣ ಕಾಲುವೆಗೆ), ತೋಡಿಗೆ (ಹಳ್ಳಕ್ಕೆ), ಹೊಳೆಗೆ, ಸಮುದ್ರಕ್ಕೆ. ಇಳಿಜಾರು ಜಾಸ್ತಿ ಇರುವ ನಮ್ಮ ಊರಿನಲ್ಲಿ ಈ ಪ್ರಯಾಣಕ್ಕೆ ಹೊತ್ತೇ ಬೇಡ.

ಇಷ್ಟು ಮಳೆ ಬಂದೂ ಮಾರ್ಚ್‌ನಲ್ಲಿ ಬಾವಿಯ ತಳ ಕಾಣುತ್ತದೆ. 2017ರ ಅಂತರ್ಜಲ ಅಂದಾಜಿನಲ್ಲಿ ಇಡೀ ಕೇರಳದಲ್ಲಿ ಅಂತರ್ಜಲದ ಅತಿಬಳಕೆ ಇದ್ದದ್ದು ಚಿಟ್ಟೂರು ಒಂದೇ ಬ್ಲಾಕಿನಲ್ಲಿ (ಬ್ಲಾಕ್ ಅಂದರೆ ಕೆಲವು ಪಂಚಾಯತ್‌ಗಳ ಗುಂಪು), ಅದರ ನಂತರದ ಗಂಭೀರ ಪಟ್ಟಿಯಲ್ಲಿ ಮಲಂಪುಳದ ಜೊತೆ ಇದ್ದದ್ದು ನಮ್ಮ ಕಾಸರಗೋಡು ಬ್ಲಾಕ್. ಹನ್ನೆರಡು ಹೊಳೆ ಹರಿಯುವ ಜಿಲ್ಲೆ ಇದು! ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದವರು ಅವರು. ಎತ್ತರದಲ್ಲಿ ಮದಕ ಕಟ್ಟಿ ಮಳೆನೀರು ನಿಲ್ಲಿಸಿದವರು, ತೋಡಿಗೆ ವರ್ಷವರ್ಷ ಕಟ್ಟ ಹಾಕಿದವರು. ನಮ್ಮ ಜಾಗದ ಕೆಳಗಿನ ಮನೆಯವರಿಗೆ ಇವತ್ತಿಗೂ ಸುರಂಗದ ನೀರೇ. ಆ ಸುರಂಗಕ್ಕೆ ನೀರು ಎಲ್ಲಿಂದ ಬರಬೇಕು? ಮೇಲಿನ ಗುಡ್ಡೆಯಲ್ಲಿ ಇಂಗಿದ್ದೇ ಬರಬೇಕು. ಅಂದರೆ ನನ್ನ ದಾರಿಯ ವಿಚಾರ ನನ್ನ ಮನೆಯದ್ದು ಮಾತ್ರ ಅಲ್ಲ.

ಮೊದಲು ಈ ಇಳಿಜಾರಿನಲ್ಲಿ ಇದ್ದದ್ದು ಕಾಲುದಾರಿ. ಕೆಂಪುಕಲ್ಲಿನ ಮೆಟ್ಟಿಲು, ಎರಡೂ ಬದಿಯಲ್ಲಿ ಪೊದೆ, ಮುಳಿಹುಲ್ಲು. ಕಾರು, ಪಿಕಪ್ ಮನೆಬಾಗಿಲಿಗೆ ಬರಬೇಕು ಅಂದಾಗ ಜೆಸಿಬಿ ಬಂತು. ಗುಡ್ಡೆ ಕಡಿದು ಎಂಟು ಹತ್ತು ಅಡಿಯ ಬರೆ, ಅಂದರೆ ನೆಟ್ಟಗಿನ ಮಣ್ಣಿನ ಗೋಡೆ, ನಿಂತಿತು. ಪ್ರತಿ ಮನೆಗೂ ಹೀಗೇ ಒಂದು ದಾರಿ. ಒಂದೊಂದು ದಾರಿಯೂ ಮಳೆಗಾಲದಲ್ಲಿ ಒಂದೊಂದು ತೋಡು.

ಇಂಟರ್‌ಲಾಕ್ ಬಗ್ಗೆ ಜನರಲ್ಲಿ ಒಂದು ನಂಬಿಕೆ ಇದೆ, ಸಂದಿಯಲ್ಲಿ ನೀರು ಇಳಿಯುತ್ತದೆ, ಕಾಂಕ್ರೀಟಿನ ಹಾಗಲ್ಲ ಅಂತ. ಅಂಗಡಿಯವರೂ ಅದನ್ನೇ ಹೇಳುತ್ತಾರೆ. ಆದರೆ ಹಾಕುವ ಕ್ರಮ ಸ್ವಲ್ಪ ಗಮನಿಸಿ. ಮಣ್ಣನ್ನು ರೋಲರಿನಲ್ಲಿ ಗಟ್ಟಿ ಮಾಡುತ್ತಾರೆ. ಮೇಲೆ ಜಲ್ಲಿ ಹುಡಿ ಹರಡುತ್ತಾರೆ. ಅದರ ಮೇಲೆ ಬ್ಲಾಕ್ ಜೋಡಿಸಿ, ಸಂದಿಗೆ ಅದೇ ನುಣ್ಣನೆ ಹುಡಿ ತುಂಬಿ, ಯಂತ್ರದಲ್ಲಿ ಕುಟ್ಟುತ್ತಾರೆ. ಬ್ಲಾಕ್ ಅಂತೂ ಗಟ್ಟಿ ಕಾಂಕ್ರೀಟ್. ಕಾರು ಓಡಾಡುವಲ್ಲಿಗೆ 60 ಮಿ.ಮೀ. ದಪ್ಪದ, ಎಂ35 ಅನ್ನುವ ಗಟ್ಟಿತನದ ದರ್ಜೆಯ ಬ್ಲಾಕ್ ಬೇಕು ಎನ್ನುತ್ತದೆ ಭಾರತೀಯ ಮಾನಕ ಐಎಸ್ 15658. ಅದರೊಳಗೆ ನೀರು ಇಳಿಯುವುದಿಲ್ಲ. ಇಳಿಯುವುದಿದ್ದರೆ ಸಂದಿಯಲ್ಲೇ. ಆ ಸಂದಿ ಎರಡು ಮೂರು ಮಿ.ಮೀ. ಅಗಲ, ಅದರಲ್ಲಿ ತುಂಬಿದ್ದು ನೀರು ಬಿಡದ ಹುಡಿ. ಒಂದು ಮಳೆಗಾಲ ಕಳೆದರೆ ಗುಡ್ಡೆಯ ಕೆಂಪು ಜೇಡಿಯೂ ಬಂದು ಕೂರುತ್ತದೆ. ಕೆಲವು ಕಡೆ ಅಡಿಯಲ್ಲಿ ಪಿಸಿಸಿ (ಕಬ್ಬಿಣ ಇಲ್ಲದ ಕಾಂಕ್ರೀಟ್) ಕೂಡ ಹಾಕುತ್ತಾರೆ, ಬ್ಲಾಕ್ ಕುಸಿಯಬಾರದು ಅಂತ. ಅಲ್ಲಿಗೆ ಅದು ಪೂರ್ತಿ ಕಾಂಕ್ರೀಟ್ ರಸ್ತೆಯೇ ಆಯಿತು, ಅಲ್ವಾ?

ನೀರು ಇಂಗುವ ಹಾಗೆ ಇಂಟರ್‌ಲಾಕ್ ಹಾಕಲು ಆಗುವುದಿಲ್ಲ ಅಂತಲ್ಲ. ಆಗುತ್ತದೆ. ಆಗ ಸಂದಿ ಎಂಟು ಹತ್ತು ಮಿ.ಮೀ. ಅಗಲ ಬೇಕು. ಅದಕ್ಕೆ ಹುಡಿಯ ಬದಲು ಬೇಬಿ ಜಲ್ಲಿ (ತೀರಾ ಸಣ್ಣ ಜಲ್ಲಿ) ತುಂಬಬೇಕು. ಅಡಿಯಲ್ಲೂ ಹುಡಿ ಇರಬಾರದು. ಮೇಲೆ ಬೇಬಿ ಜಲ್ಲಿ, ಅದರ ಕೆಳಗೆ 20 ಎಂಎಂ, ತಳದಲ್ಲಿ 40 ಎಂಎಂ ಜಲ್ಲಿ. ಒಂದೇ ಗಾತ್ರದ ಜಲ್ಲಿ ತುಂಬಿದಾಗ ಅದರ ನಡುವೆ ನೂರಕ್ಕೆ ಸುಮಾರು 40 ಪಾಲು ಖಾಲಿ ಜಾಗ ಇರುತ್ತದೆ. ಒಂದು ಅಡಿ ದಪ್ಪಕ್ಕೆ ಜಲ್ಲಿ ಹಾಕಿದರೆ 120 ಮಿ.ಮೀ. ಮಳೆ ಅದರ ಹೊಟ್ಟೆಯಲ್ಲಿ ನಿಲ್ಲುತ್ತದೆ, ನಿಧಾನವಾಗಿ ಕೆಳಗೆ ಇಳಿಯುತ್ತದೆ. ಆದರೆ ಇದು ಸಮತಟ್ಟು ಜಾಗದ ಕೆಲಸ. ನೂರು ಅಡಿಗೆ ಐದು ಅಡಿಗಿಂತ ಜಾಸ್ತಿ ಇಳಿಜಾರು ಇದ್ದರೆ ನೀರು ಇಂಗುವ ಬದಲು ಜಲ್ಲಿಯ ಒಳಗಿಂದಲೇ ಕೆಳಕ್ಕೆ ಓಡುತ್ತದೆ. ಉಪ್ಪಳ, ಕುಂಬಳೆ ಕಡೆ ಕಡಲಬದಿಯ ಹೊಯಿಗೆ (ಮರಳು) ನೆಲದಲ್ಲಿ ಮನೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ಗುಡ್ಡೆಗೆ ಬೇರೆ ದಾರಿ ಹುಡುಕಬೇಕಾಯಿತು.

ಈಗ ಇನ್ನೊಂದು ಬಂದಿದೆ. ದೊಡ್ಡ ದೊಡ್ಡ ಬೆಂಗಳೂರು ಸ್ಟೋನ್ ಅಥವಾ ತಾಂಡೂರು ಕಲ್ಲು ಹಾಸಿ, ನಡುವಿನ ಸಂದಿಗೆ ಪ್ಲಾಸ್ಟಿಕ್ ಹುಲ್ಲಿನ ಪಟ್ಟಿ ಅಂಟಿಸುವುದು. ಫೋಟೋದಲ್ಲಿ ಚಂದ ಕಾಣುತ್ತದೆ. ನನಗೆ ಇದು ಕಂಡರೆ ಬೇಸರವಾಗುತ್ತದೆ. ದೂರದ ಊರಿನಿಂದ ಲಾರಿಯಲ್ಲಿ ಕಲ್ಲು ತರಿಸಿ, ಹುಲ್ಲು ತಾನಾಗಿ ಹುಟ್ಟುವ ಊರಿನಲ್ಲಿ ಹುಲ್ಲನ್ನು ಪ್ಲಾಸ್ಟಿಕ್‌ನಲ್ಲಿ ಮಾಡಿ ಹಾಕುವುದು. ಬಿಸಿಲಿಗೆ ಅದು ಕಾಯುತ್ತದೆ, ಕೆಲವು ವರ್ಷಕ್ಕೆ ಹುಡಿಯಾಗಿ ತೋಟಕ್ಕೆ ಸೇರುತ್ತದೆ. ಕಲ್ಲೇ ಬೇಕು ಅನ್ನುವವರು ದಯವಿಟ್ಟು ಸಂದಿಯಲ್ಲಿ ಮಣ್ಣು ಬಿಡಿ. ಜೀವ ಇರುವ ಹುಲ್ಲು ಬರುತ್ತದೆ.

ನಾವು ಮಾಡಿದ್ದು ಹೀಗೆ. ಕಾರಿನ ಎರಡು ಚಕ್ರದ ನಡುವೆ ಸುಮಾರು ಐದು ಅಡಿ ಅಂತರ. ಎರಡು ಅಡಿ ಅಗಲದ ಎರಡು ಪಟ್ಟಿ, ನಡುವೆ ಮೂರು ಅಡಿ ಖಾಲಿ. ಚಕ್ರ ಓಡುವ ಜಾಗಕ್ಕೆ ಮಾತ್ರ ಗಟ್ಟಿ ಹೊದಿಕೆ ಸಾಕು. ಕಾರಿನ ಹೊಟ್ಟೆಯ ಕೆಳಗೆ ಯಾಕೆ? 1,300 ಚದರ ಅಡಿ ಮುಚ್ಚುವ ಬದಲು ಸುಮಾರು 520 ಮುಚ್ಚಿದೆವು. ಸುಮಾರು 780 ಚದರ ಅಡಿ ಮಣ್ಣು ಉಳಿಯಿತು. ನಾಲ್ಕು ಇಂಚು ದಪ್ಪಕ್ಕೆ ಇಡೀ ದಾರಿ ಕಾಂಕ್ರೀಟ್ ಮಾಡಿದ್ದರೆ ಸುಮಾರು 78 ಚೀಲ ಸಿಮೆಂಟ್ ಬೇಕಿತ್ತು. ಪಟ್ಟಿಗೆ ಸುಮಾರು 31 ಚೀಲ ಸಾಕು. ಜಗತ್ತು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ತಯಾರಿಯಿಂದ ಬರುತ್ತದೆ. ಕುಲುಮೆಗೆ ಉರಿಸುವ ಕಲ್ಲಿದ್ದಲಿನ ಪಾಲು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಸುಣ್ಣದಕಲ್ಲು ಸುಟ್ಟಾಗ ಕಲ್ಲಿನೊಳಗಿಂದಲೇ ಆ ಅನಿಲ ಹೊರಗೆ ಬರುತ್ತದೆ, ಆದ್ದರಿಂದ ಬೇರೆ ಉರುವಲು ತಂದರೂ ಅದು ಪೂರ್ತಿ ತಪ್ಪುವುದಿಲ್ಲ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ತಗೊಂಡರೆ ಸ್ವಲ್ಪ ಕಡಿಮೆ. ಚೀಲವೇ ಕಡಿಮೆ ತಗೊಂಡರೆ ಇನ್ನೂ ಕಡಿಮೆ.

ಕಾಂಕ್ರೀಟೇ ಯಾಕೆ ಹಾಕಿದಿರಿ ಅಂತ ಕೇಳಬಹುದು. ನಮ್ಮ ದಾರಿಯ ನಡುವಿನ ಭಾಗ ತುಂಬ ಕಡಿದಾಗಿದೆ. ಮಳೆಗೆ ಜಲ್ಲಿ ಅಲ್ಲಿ ನಿಲ್ಲುವುದಿಲ್ಲ, ಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಮಾವನಿಗೆ ಎಂಬತ್ತು ದಾಟಿದೆ, ಕೋಲು ಹಿಡಿದು ಗೇಟಿನ ತನಕ ನಡೆಯುತ್ತಾರೆ. ಅವರ ಕಾಲಿಗೆ ಗಟ್ಟಿ ನೆಲ ಬೇಕು. ಪಟ್ಟಿಯ ಮೇಲೆ ಹಸಿ ಇರುವಾಗಲೇ ಹಿಡಿಸೂಡಿಯಲ್ಲಿ ಅಡ್ಡಕ್ಕೆ ಗೀರಿಸಿದೆವು, ಪಾಚಿ ಬಂದರೂ ಕಾಲು ಹಿಡಿಯುತ್ತದೆ. ತಿರುವಿನಲ್ಲಿ ಮಾತ್ರ ಪಟ್ಟಿಯನ್ನು ಅಗಲ ಮಾಡಲೇಬೇಕು, ಯಾಕೆಂದರೆ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಹೋಗುವುದಿಲ್ಲ, ಒಳಗೆ ಕತ್ತರಿಸುತ್ತದೆ. ಇದನ್ನು ಹೇಳಿಕೊಟ್ಟದ್ದು ನಮ್ಮ ಮೇಸ್ತ್ರಿ. "ಟೀಚರೇ, ಹೀಗೆ ಅರ್ಧ ಬಿಟ್ಟರೆ ಜನ ನನ್ನನ್ನು ಬೈತಾರೆ" ಅಂತ ಶುರುವಿನಲ್ಲಿ ಗೊಣಗಿದವರು, ಆಮೇಲೆ ತಾವೇ ಪಿಕಪ್ ಓಡಿಸಿ ಸುಣ್ಣದಲ್ಲಿ ಗುರುತು ಹಾಕಿ ತಿರುವಿನ ಅಗಲ ನಿಶ್ಚಯಿಸಿದರು.

ತಿರುವಿನ ಹೊರಬದಿಗೆ ಹಾಸಿದ್ದು ಕೆಂಪುಕಲ್ಲು. ಹಳೆಯ ದನದ ಹಟ್ಟಿ ಕೆಡವಿದಾಗ ಸಿಕ್ಕಿದ ಕಲ್ಲು. ಇದರಲ್ಲಿ ಒಂದು ಮಾತು ಹೇಳಬೇಕು. ಕೆಂಪುಕಲ್ಲು ನಮ್ಮ ನೆಲದ್ದು, ಸುಡಬೇಕಾಗಿಲ್ಲ, ದೂರದಿಂದ ತರಬೇಕಾಗಿಲ್ಲ. ಕೋರೆಯಿಂದ ಕಡಿದಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಹಾಗೆ ಗಟ್ಟಿ. ಹಾಗೆಂದು ದಾರಿಗೆ ಹೊಸ ಕಲ್ಲು ತರಿಸುವುದು ನನಗೆ ಒಪ್ಪಿಗೆ ಇಲ್ಲ. ಪದವುಗಳಲ್ಲಿ, ಪಾರೆಗಳಲ್ಲಿ (ಗುಡ್ಡೆಯ ಮೇಲಿನ ಬಯಲು ಬಂಡೆ ನೆಲದಲ್ಲಿ) ಕಲ್ಲು ತೆಗೆದು ಹಾಗೇ ಬಿಟ್ಟ ಹೊಂಡಗಳನ್ನು ನೋಡಿದವರಿಗೆ ಗೊತ್ತು. ಮೇಲಿನ ಮಣ್ಣು ಹೋದ ಮೇಲೆ ಅಲ್ಲಿ ಮುಳಿಹುಲ್ಲೂ ಬರುವುದಿಲ್ಲ. ಹಳೆಯ ಮನೆ, ಹಟ್ಟಿ, ಪಾಗಾರ ಕೆಡವಿದ ಕಲ್ಲು ಊರಿನಲ್ಲಿ ಬೇಕಾದಷ್ಟು ಸಿಗುತ್ತದೆ, ಅದು ಗಟ್ಟಿಯೂ ಆಗಿರುತ್ತದೆ. ಹೊಯಿಗೆಯ ಮೇಲೆ ಹಾಸಿ, ಸಂದಿಗೆ ಸಿಮೆಂಟ್ ಬಳಿಯದೆ ಬಿಟ್ಟರೆ ಆಯಿತು. ಚಕ್ರ ದಿನಾ ಉಜ್ಜುವ ಜಾಗಕ್ಕೆ ಬೇಡ, ಸವೆಯುತ್ತದೆ.

ನಡುವಿನ ಹುಲ್ಲಿಗೆ ನರ್ಸರಿಯಿಂದ ಏನೂ ತರಲಿಲ್ಲ. ಗರಿಕೆ ಬೇಸಿಗೆಗೆ ಒಣಗಿದ ಹಾಗೆ ಕಂಡರೂ ಮೊದಲ ಮಳೆಗೆ ಚಿಗುರುತ್ತದೆ. ನೆರಳು ಇರುವಲ್ಲಿ ಹಳದಿ ಹೂವಿನ ಪಿಂಟೊ ನೆಲಗಡಲೆ, ತೋಟದಿಂದ ಕಿತ್ತು ನೆಟ್ಟದ್ದು. ಒದ್ದೆ ಇರುವಲ್ಲಿ ತಿಮರೆ (ಒಂದೆಲಗ) ತಾನಾಗಿ ಬಂತು. ಅತ್ತೆಗೆ ತಂಬುಳಿಗೆ ಅದನ್ನು ಕೊಯ್ಯಬೇಕು ಅಂತ ಆಸೆ. ಕಾರಿನ ಎಣ್ಣೆ ತೊಟ್ಟಿಕ್ಕುವ ಜಾಗದ್ದು ಬೇಡ, ತೋಟದ್ದು ಕೊಯ್ಯೋಣ ಅಂತ ಹೇಳಿದ್ದೇವೆ.

ಹುಲ್ಲಿಗಿಂತ ಮುಖ್ಯವಾದದ್ದು ಕಣಿ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಅಲ್ಲಲ್ಲಿ ಆಳ ಕಡಿಮೆ ಇರುವ ಕಣಿ ಮಾಡಿಸಿದೆವು. ಗೇಟಿನಿಂದ ಓಡಿ ಬರುವ ನೀರು ಜೋರು ಹಿಡಿಯುವ ಮೊದಲೇ ಬದಿಗೆ ತಿರುಗಬೇಕು. ಬದಿಯಲ್ಲಿ ಉದ್ದಕ್ಕೆ ಚರಂಡಿಯಂಥ ಗುಂಡಿ, ಅದರಲ್ಲಿ ತೆಂಗಿನಕಾಯಿ ಸಿಪ್ಪೆ. ಸಿಪ್ಪೆಯ ಕುಳಿ ಮೇಲೆ ಬರುವ ಹಾಗೆ ಸಾಲಾಗಿ ಜೋಡಿಸಿ ಮಣ್ಣು ಮುಚ್ಚುವ ಕ್ರಮ ತೆಂಗಿನ ತೋಟದವರಿಗೆ ಹೊಸತಲ್ಲ. ಸಿಪ್ಪೆ ನೀರು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ, ಕೆಲವು ವರ್ಷದಲ್ಲಿ ಗೊಬ್ಬರವಾಗುತ್ತದೆ. ಗುಂಡಿಯ ಅಂಚಿಗೆ ಲಾವಂಚ ನೆಟ್ಟಿದ್ದೇವೆ. ಅದರ ಬೇರು ಅಡ್ಡ ಹರಡುವುದಕ್ಕಿಂತ ನೇರ ಕೆಳಗೆ ಇಳಿಯುತ್ತದೆ, ಎರಡು ಮೂರು ಮೀಟರ್ ತನಕ.

ಇಲ್ಲಿ ಒಂದು ಎಚ್ಚರಿಕೆ. ನೀರು ಇಂಗಿಸುವುದು ಒಳ್ಳೆಯದು ಅಂತ ಎಲ್ಲ ಕಡೆ ಇಂಗಿಸಲು ಹೋಗಬಾರದು. ನಮ್ಮ ಗುಡ್ಡೆಗಳಲ್ಲಿ ಮೇಲೆ ಕೆಂಪುಕಲ್ಲಿನ ಪದರ, ಅದರ ಕೆಳಗೆ ಶೇಡಿ ಮಣ್ಣು. ಶೇಡಿ ನೀರು ಕುಡಿದರೆ ಸೋಪಿನ ಹಾಗೆ ಜಾರುತ್ತದೆ. ಬರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡಿದರೆ ಆ ನೀರು ಶೇಡಿಗೆ ಇಳಿದು ಬರೆಯನ್ನೇ ಮನೆಯ ಮೇಲೆ ತರಬಹುದು. ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡುವಾಗ ಕಡಿದ ಚೆರುವತ್ತೂರಿನ ವೀರಮಲೆ ಗುಡ್ಡೆ ಜರಿದದ್ದು ಎಲ್ಲರಿಗೂ ಗೊತ್ತು. ಜೆಸಿಬಿಯಲ್ಲಿ ನೆಟ್ಟಗೆ ಕಡಿದ ಮನೆಬದಿಯ ಬರೆಗೂ ಅದೇ ನಿಯಮ. ಅದಕ್ಕೆ ಗೇಟಿನ ಹತ್ತಿರದ ಮೇಲಿನ ಭಾಗದಲ್ಲಿ ಮಾತ್ರ ನೀರು ಇಂಗಲು ಬಿಟ್ಟೆವು, ಅಲ್ಲಿ ಕೆಳಗೆ ಬರೆ ಇಲ್ಲ. ಮನೆಯ ಹಿಂದಿನ ಬರೆಯ ಮೇಲೆ ಹಾದುಹೋಗುವ ಭಾಗದಲ್ಲಿ ಸಿಮೆಂಟ್ ಕಣಿ ಕಟ್ಟಿಸಿ, ನೀರನ್ನು ಮನೆಯ ಬದಿಯಿಂದ ಸುತ್ತು ಹಾಕಿಸಿ ತೋಟದ ಮೇಲಿನ ಗುಂಡಿಗೆ ಬಿಟ್ಟೆವು. ಬಾವಿಯ ಮೇಲ್ಬದಿಯ ಗುಂಡಿ ಅದು. ನೀರು ಅದಕ್ಕೆ ಬೀಳುವ ಮೊದಲು ಕೆಸರು ಕೂರಲು ಒಂದು ಚಿಕ್ಕ ತೊಟ್ಟಿ. ಬರೆಯ ಮೈಗೆ ತೆಂಗಿನ ನಾರಿನ ಬಲೆ ಹೊದೆಸಿ ಹುಲ್ಲು ಬೆಳೆಸಿದ್ದೇವೆ. ಭೂವಸ್ತ್ರ ಅಂತ ಕರೆಯುತ್ತಾರೆ, ತೋಡಿನ ದಡಕ್ಕೆ ಪಂಚಾಯತ್‌ನವರು ಹಾಕುವುದನ್ನು ನೀವೂ ನೋಡಿರಬಹುದು. ನಾರು ಕೊಳೆಯುವ ಹೊತ್ತಿಗೆ ಬೇರು ಹಿಡಿದಿರುತ್ತದೆ.

ಅಂಗಳದ ಮಾತು ಬೇರೆ. ನಮ್ಮದು ಅಡಿಕೆ ಒಣಗಿಸುವ ಮನೆ. ಕೊಯ್ಲಾದ ಮೇಲೆ ನಲವತ್ತು ದಿನ ಅಡಿಕೆಗೆ ಬಿಸಿಲು ಬೇಕು, ಅಡಿಯಲ್ಲಿ ಗಟ್ಟಿಯಾದ, ಒಣಗಿದ ನೆಲ ಬೇಕು. ಮೊದಲು ಮಣ್ಣಿನ ಅಂಗಳ ಪೆಟ್ಟಿ ಸೆಗಣಿ ಸಾರಿಸುತ್ತಿದ್ದರು. ಈಗ ಅಷ್ಟು ದನವೂ ಇಲ್ಲ, ಅಷ್ಟು ಕೈಯೂ ಇಲ್ಲ. ಅಂಗಳಕ್ಕೆ ಕಾಂಕ್ರೀಟ್ ಹಾಕಿದ್ದೇವೆ. ಅದು ವರ್ಷವರ್ಷ ನಮಗೆ ದುಡಿದು ಕೊಡುವ ಜಾಗ. ದಾರಿ ಹಾಗಲ್ಲ. ದಿನಕ್ಕೆ ಒಂದೆರಡು ಸಲ ಕಾರು ಹೋಗಿ ಬರುವ ಜಾಗಕ್ಕೆ ಅಂಗಳದ ಮರ್ಯಾದೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹುಲ್ಲು ಬಿಟ್ಟರೆ ಹಾವು ಬರುತ್ತದೆ, ಕಳೆ ಬರುತ್ತದೆ ಅನ್ನುವವರು ತುಂಬ ಜನ. ನಾಚಿಕೆಮುಳ್ಳು ಬರುತ್ತದೆ, ನಿಜ. ಬುಡದಿಂದ ಕಿತ್ತರೆ ಆಯಿತು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದರೆ ಪಾದದ ಮಟ್ಟಕ್ಕೆ ಇರುತ್ತದೆ, ಹಾವಿಗೆ ಅಡಗಲು ಜಾಗ ಇರುವುದಿಲ್ಲ. ನನಗೆ ಹೆದರಿಕೆ ಇರುವುದು ಇಂಟರ್‌ಲಾಕ್ ಹಾಕಿದವರ ಬಗ್ಗೆ. ಸಂದಿಯಲ್ಲಿ ಎರಡು ಎಸಳು ಹುಲ್ಲು ಬಂದ ಕೂಡಲೇ ಕಳೆನಾಶಕದ ಪಂಪು ಹೊರಗೆ ಬರುತ್ತದೆ. ಆ ಗಟ್ಟಿ ನೆಲದಲ್ಲಿ ಅದನ್ನು ಹಿಡಿಯಲು ಮಣ್ಣಿಲ್ಲ. ಮೊದಲ ಮಳೆಗೆ ತೊಳೆದು ಬಾವಿಯ ಕಡೆಗೇ ಹೋಗುತ್ತದೆ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಎಣ್ಮಕಜೆಯಂಥ ಪಂಚಾಯತ್ ಇರುವ ಜಿಲ್ಲೆ ನಮ್ಮದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು ನಿಂತದ್ದು 2000ದ ಹೊತ್ತಿಗೆ. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ನನ್ನ ತರಗತಿಗೆ ಬರುವ ಮಕ್ಕಳ ಮನೆಗಳಲ್ಲಿ ಇವತ್ತಿಗೂ ಮಂಚದಿಂದ ಏಳಲಾಗದವರು ಇದ್ದಾರೆ. ಗ್ಲೈಫೋಸೇಟ್ ಕಳೆನಾಶಕವನ್ನು ಕೇರಳ ಸರ್ಕಾರ 2019ರಲ್ಲಿ ನಿಷೇಧಿಸಿತು. ಗಡಿಯ ಆಚೆಯಿಂದ ತರುವುದು ನಮಗೆ ಕಷ್ಟವಲ್ಲ, ಅದು ಎಲ್ಲರಿಗೂ ಗೊತ್ತು. ದಾರಿ ಚೊಕ್ಕ ಕಾಣಲಿಕ್ಕೆ ಅಂತ ವಿಷ ಹೊಡೆಯುವುದನ್ನು ಈ ಮಣ್ಣಿನಲ್ಲಿ ನಿಂತು ಒಪ್ಪಲು ನನ್ನಿಂದ ಆಗುವುದಿಲ್ಲ.

ಜಲ್ಲಿ ಹಾಕಿದ ಭಾಗ ಗೇಟಿನ ಹತ್ತಿರ, ಸಮತಟ್ಟು ಇರುವಲ್ಲಿ. ಗಾಡಿ ತಿರುಗಿಸುವ ಜಾಗ ಅದು. ಪಟ್ಟಿ ಹಾಕಿದರೆ ಪ್ರಯೋಜನ ಇಲ್ಲ, ಚಕ್ರ ಎಲ್ಲ ಕಡೆ ಓಡುತ್ತದೆ. ಒಂದು ಅಡಿ ಅಗೆದು, ಜೇಡಿ ಮೇಲೆ ಬರದ ಹಾಗೆ ತಳಕ್ಕೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, 40 ಎಂಎಂ, ಮೇಲೆ 20 ಎಂಎಂ ತುಂಬಿಸಿದೆವು. ಅಂಚಿಗೆ ಕಲ್ಲು ಕಟ್ಟದಿದ್ದರೆ ಜಲ್ಲಿ ರಸ್ತೆಗೆ ಹರಡುತ್ತದೆ, ಬೈಕಿನವರಿಗೆ ಅಪಾಯ. ಮಳೆಗಾಲ ಮುಗಿದ ಮೇಲೆ ಒಮ್ಮೆ ಕುಂಟೆಯಲ್ಲಿ ಎಳೆದು ಸಮ ಮಾಡಬೇಕು. ಮೇಲೆ ಕೂತ ಅಡಿಕೆ ಸೋಗೆ, ಎಲೆ ಗುಡಿಸಿ ತೆಗೆಯಬೇಕು, ಇಲ್ಲದಿದ್ದರೆ ಅದೇ ಕೊಳೆತು ಮಣ್ಣಾಗಿ ಸಂದಿ ಮುಚ್ಚುತ್ತದೆ.

ಮಾಡಿಸುವವರಿಗೆ ಎರಡು ಮಾತು. ಅಗೆತದ ಕೆಲಸ ತುಳಸಿಪೂಜೆ ಕಳೆದ ಮೇಲೆ ಶುರು ಮಾಡಿ, ಫೆಬ್ರವರಿ ಒಳಗೆ ಮುಗಿಸಿ. ಆಗ ಕಾಂಕ್ರೀಟಿಗೆ ಕ್ಯೂರಿಂಗ್‌ಗೆ ಬಾವಿಯಲ್ಲಿ ನೀರೂ ಇರುತ್ತದೆ. ಹುಲ್ಲು, ಲಾವಂಚ ಮಾತ್ರ ಜೂನಿನ ಮೊದಲ ಮಳೆ ಬಿದ್ದ ಮೇಲೆ ನೆಡಿ. ಮತ್ತೆ ಮೇಸ್ತ್ರಿಯ ಹತ್ತಿರ ಮಾತಾಡುವಾಗ ಮೂರು ವಿಷಯ ಚೀಟಿಯಲ್ಲಿ ಬರೆದು ಕೊಡಿ: ಅಡಿಯಲ್ಲಿ ಪಿಸಿಸಿ ಬೇಡ, ಸಂದಿಗೆ ಹುಡಿ ಬೇಡ, ಬರೆಯ ನೆತ್ತಿಯಲ್ಲಿ ಗುಂಡಿ ಬೇಡ. ಬಾಯಲ್ಲಿ ಹೇಳಿದರೆ ನೀವು ಶಾಲೆಗೋ ಬ್ಯಾಂಕಿಗೋ ಹೋಗಿ ಬರುವ ಹೊತ್ತಿಗೆ ರೂಢಿಯ ಪ್ರಕಾರವೇ ಹಾಕಿ ಮುಗಿಸಿರುತ್ತಾರೆ. ನಮ್ಮ ದಾರಿ ನೋಡಬೇಕು ಅನ್ನುವವರು ಜುಲೈಯಲ್ಲಿ, ಮಳೆ ಹೊಡೆಯುವಾಗಲೇ ಬನ್ನಿ. ನೀರು ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಕೊಡೆ ಹಿಡಿದು ನಡೆದೇ ನೋಡಬಹುದು.